ಗಂಗೆ ಗುಣವಾದಳು, ನಾಗವಲ್ಲಿ ಉಳಿದಳು: ಒಂದು ಕಥೆಯ ಮೂವತ್ತು ವರ್ಷ

1993ರ ಡಿಸೆಂಬರಿನಲ್ಲಿ ತೆರೆಕಂಡ ಮಲಯಾಳಂನ ‘ಮಣಿಚಿತ್ರತಾಳ್’ ದೆವ್ವವಿಲ್ಲ ಎಂದು ಹೇಳಿದ ಚಿತ್ರ. 2022ರಲ್ಲಿ ಬಂದ ಹಿಂದಿಯ ‘ಭೂಲ್ ಭುಲಯ್ಯಾ 2’ ಚಿತ್ರದಲ್ಲಿ ದೆವ್ವ ಇದೆ, ನಿಜವಾಗಿಯೇ ಇದೆ. ಎರಡೂ ಒಂದೇ ಬೇರಿನಿಂದ ಬಂದವು. ಮೊದಲನೆಯದರಲ್ಲಿ ಕಾಯಿಲೆ ಬಿದ್ದ ಹೆಣ್ಣೊಬ್ಬಳು ತನ್ನ ಮನಸ್ಸಿನಲ್ಲೇ ಕಟ್ಟಿಕೊಂಡಿದ್ದ ನರ್ತಕಿ, ಎರಡನೆಯದರ ಹೊತ್ತಿಗೆ ಬೀಗ ಮುರಿದು ಹೊರಬರುವ ಪ್ರೇತವಾಗಿದ್ದಾಳೆ. ಈ ನಡುವೆ ಕನ್ನಡದ ‘ಆಪ್ತಮಿತ್ರ’ (2004), ತಮಿಳಿನ ‘ಚಂದ್ರಮುಖಿ’ (2005), ಹಿಂದಿಯ ‘ಭೂಲ್ ಭುಲಯ್ಯಾ’ (2007), ಮತ್ತೆ ಕನ್ನಡದ ‘ಆಪ್ತರಕ್ಷಕ’ (2010) ಬಂದುಹೋದವು.

ರೀಮೇಕ್ ಬಗ್ಗೆ ಮಾತು ಬಂದಾಗ ನಮ್ಮಲ್ಲಿ ಸಾಮಾನ್ಯವಾಗಿ ಎರಡು ದೂರುಗಳು ಕೇಳಿಬರುತ್ತವೆ: ಫೈಟು ತುರುಕಿದರು, ಹಾಡು ತುರುಕಿದರು. ಈ ಸರಣಿಯನ್ನು ಹತ್ತಿರದಿಂದ ನೋಡಿದರೆ ಅರ್ಥ ಬದಲಾದದ್ದು ಅಲ್ಲಿ ಅಲ್ಲ. ಕಥೆಯ ಎಳೆ ಬಹುಮಟ್ಟಿಗೆ ಹಾಗೇ ಇದೆ, ಮುಚ್ಚಿದ ಕೋಣೆ ಇದೆ, ಮನೋವೈದ್ಯ ಇದ್ದಾನೆ, ಮಾಂತ್ರಿಕ ಇದ್ದಾನೆ, ಕೊನೆಗೆ ರೋಗಿ ಗುಣವಾಗುತ್ತಾಳೆ. ಆದರೂ ಚಿತ್ರ ಹೇಳುವ ಮಾತು ತಿರುಗಿಬಿದ್ದಿದೆ. ಯಾರ ಜಾಗದಲ್ಲಿ ಯಾರನ್ನು ನಿಲ್ಲಿಸಿದರು, ಯಾವುದಕ್ಕೆ ಎಷ್ಟು ಹೊತ್ತು ಕೊಟ್ಟರು ಎನ್ನುವುದರಲ್ಲೇ ಇಡೀ ಬದಲಾವಣೆ ಅಡಗಿದೆ. ಈ ಪ್ರಕರಣವನ್ನು ಆರಿಸಿಕೊಂಡದ್ದು ಅದಕ್ಕೇ.

ಮೂಲದಲ್ಲಿ ಇದ್ದದ್ದು

ಫಾಸಿಲ್ ನಿರ್ದೇಶನ, ಮಧು ಮುಟ್ಟಂ ಅವರ ಕಥೆ-ಚಿತ್ರಕಥೆ. ಎಂಜಿನಿಯರ್ ನಕುಲನ್ ತನ್ನ ಹೆಂಡತಿ ಗಂಗೆಯೊಡನೆ ಮಾಡಂಪಳ್ಳಿ ಎಂಬ ಹಳೆಯ ಮನೆಗೆ ಬರುತ್ತಾನೆ. ಮನೆಯ ದಕ್ಷಿಣ ಭಾಗದ ಕೋಣೆಗೆ ಬೀಗ. ತಂಜಾವೂರಿನಿಂದ ಕರೆತಂದಿದ್ದ ನಾಗವಲ್ಲಿ ಎಂಬ ನರ್ತಕಿಯನ್ನು ಹಿಂದೆ ಆ ಮನೆಯ ಯಜಮಾನ ಶಂಕರನ್ ತಂಬಿ ಕೊಂದಿದ್ದ, ಅವಳ ಆತ್ಮ ಅಲ್ಲಿದೆ ಎಂದು ಮನೆಯವರು ನಂಬಿದ್ದಾರೆ. ಕತೆ ಕೇಳಿದ ಗಂಗೆಗೆ ಕುತೂಹಲ ಹುಟ್ಟುತ್ತದೆ, ಬೀಗ ತೆಗೆಸುತ್ತಾಳೆ. ವಿಚಿತ್ರ ಘಟನೆಗಳು ಶುರುವಾಗುತ್ತವೆ. ನಕುಲನ್‌ನ ಗೆಳೆಯ, ಮನೋವೈದ್ಯ ಡಾ. ಸನ್ನಿ ಬರುತ್ತಾನೆ. ಮನೆಮಂದಿಯ ಅನುಮಾನವೆಲ್ಲ ಅದೇ ಮನೆಯ ಹೆಣ್ಣು ಶ್ರೀದೇವಿಯ ಮೇಲೆ. ಸನ್ನಿ ಕಂಡುಕೊಳ್ಳುವ ಸತ್ಯ ಬೇರೆ: ಗಂಗೆಯೊಳಗೆ ಇನ್ನೊಬ್ಬಳು ಬೆಳೆದಿದ್ದಾಳೆ, ಇದು ಒಡೆದ ವ್ಯಕ್ತಿತ್ವದ ಕಾಯಿಲೆ.

ಇಲ್ಲಿ ತುಸು ನಿಲ್ಲಬೇಕು, ಏಕೆಂದರೆ ಚಿತ್ರದ ಜೀವ ಇರುವುದು ಇಲ್ಲಿ. ಸನ್ನಿ ಗಂಗೆಯ ಊರಿಗೇ ಹೋಗಿ ಅವಳ ಬಾಲ್ಯವನ್ನು ಕೆದಕುತ್ತಾನೆ. ತಂದೆತಾಯಿ ದೂರದ ಕಲ್ಕತ್ತೆಯಲ್ಲಿ, ಮಗು ಅಜ್ಜಿಯ ಮಡಿಲಲ್ಲಿ, ಅಜ್ಜಿ ಹೇಳುವ ಕತೆಗಳೇ ಅವಳ ಲೋಕ. ಒಂದು ದಿನ ಏಕಾಏಕಿ ಆ ಲೋಕದಿಂದ ಕಿತ್ತು ಒಯ್ಯುವ ಮಾತು ಬರುತ್ತದೆ, ಅದೂ ಅವಳು ಪರೀಕ್ಷೆಗೆ ಹೊರಟ ಹೊತ್ತಿನಲ್ಲಿ. ಮನಸ್ಸು ಅಲ್ಲಿ ಮೊದಲ ಸಲ ಬಿರುಕು ಬಿಡುತ್ತದೆ. ಮುಂದೆ ಮದುವೆಯಾದ ಗಂಡ ಒಳ್ಳೆಯವನೇ, ಆದರೆ ಸದಾ ಕೆಲಸದಲ್ಲಿ ಮುಳುಗಿದವನು. ಮತ್ತೆ ಒಬ್ಬಂಟಿಯಾದ ಗಂಗೆಗೆ ಮಾಡಂಪಳ್ಳಿಯಲ್ಲಿ ಸಿಕ್ಕಿದ್ದು ಇನ್ನೊಬ್ಬ ಒಬ್ಬಂಟಿ ಹೆಣ್ಣಿನ ಕತೆ. ಅವಳು ನಾಗವಲ್ಲಿಗೆ ಹೆದರುವುದಿಲ್ಲ. ಅವಳಿಗಾಗಿ ಮರುಗುತ್ತಾಳೆ, ಮರುಗಿ ಮರುಗಿ ಅವಳೇ ಆಗುತ್ತಾಳೆ.

ಗಮನಿಸಬೇಕಾದ ಇನ್ನೊಂದು ಕಟ್ಟುನಿಟ್ಟು ಈ ಚಿತ್ರಕ್ಕಿದೆ. ಹಳೆಯ ಕಾಲದ ದರ್ಬಾರು, ನರ್ತಕಿ, ಅವಳ ಪ್ರಿಯಕರ, ಇವೆಲ್ಲ ತೆರೆಗೆ ಬರುವುದು ಗಂಗೆಯ ಭ್ರಮೆಯ ಒಳಗೆ ಮಾತ್ರ. ಅದರಾಚೆ ಆ ಲೋಕವನ್ನು ಚಿತ್ರ ನೇರವಾಗಿ ತೋರಿಸುವುದಿಲ್ಲ. ಗಂಗೆಯ ಮಾತಿಗೆ ಭಾಗ್ಯಲಕ್ಷ್ಮಿ, ನಾಗವಲ್ಲಿಯ ತಮಿಳು ಮಾತಿಗೆ ದುರ್ಗಾ, ಹೀಗೆ ಇಬ್ಬರು ಕಲಾವಿದೆಯರ ಕಂಠ ಸೇರಿ ಒಂದೇ ಮುಖಕ್ಕೆ ಎರಡು ದನಿ ಬಂತು. ಆ ಮುಖ ಶೋಭನಾ ಅವರದು, ಅದಕ್ಕೆ ರಾಷ್ಟ್ರಪ್ರಶಸ್ತಿಯೂ ಬಂತು. ನಾಯಕ ಮೋಹನ್‌ಲಾಲ್ ಆಗಲೇ ದೊಡ್ಡ ತಾರೆ, ಆದರೂ ಸನ್ನಿ ತೆರೆಗೆ ಬರುವ ಹೊತ್ತಿಗೆ ಚಿತ್ರದ ದೊಡ್ಡ ಭಾಗವೇ ಕಳೆದಿರುತ್ತದೆ. ಅಷ್ಟರಲ್ಲಿ ನಾವು ಗಂಗೆಯ ಜೊತೆ ಬದುಕಿರುತ್ತೇವೆ. ವೈದ್ಯನಿಗಿಂತ ಮೊದಲು ರೋಗಿ ನಮ್ಮವಳಾಗಿರುತ್ತಾಳೆ.

ಮಂಚ ಎತ್ತುವ ದೃಶ್ಯ

ಎಲ್ಲ ಭಾಷೆಗಳಲ್ಲೂ ಜನ ನೆನಪಿಟ್ಟುಕೊಂಡ ದೃಶ್ಯ ಇದು. ಬಂಧುವೊಬ್ಬಳ ಮದುವೆಗೆ ಒಡವೆ ತರಲು ಗಂಗೆ ಸಿದ್ಧಳಾಗಿ ನಿಂತಿದ್ದಾಳೆ. ಗಂಡ ಹೋಗಕೂಡದು ಎನ್ನುತ್ತಾನೆ. ಸನ್ನಿಯ ಸೂಚನೆಯಂತೆ, ಅವಳೊಳಗಿನವಳನ್ನು ಹೊರಗೆಳೆಯಲೆಂದೇ ಅವನು ಹಾಗೆ ಹೇಳುವುದು. ಅವಳ ಕಣ್ಣು ಬದಲಾಗುತ್ತದೆ, ದನಿ ಬದಲಾಗುತ್ತದೆ, ಮಂಚವನ್ನು ಒಂದೇ ಕೈಯಲ್ಲಿ ಎತ್ತುತ್ತಾಳೆ.

ಶಕ್ತಿಪ್ರದರ್ಶನ ಎಂದು ನೋಡಿದರೆ ಇದು ಭಯದ ದೃಶ್ಯ. ಎಲ್ಲಿ ನಡೆಯುತ್ತದೆ ಎಂದು ನೋಡಿದರೆ ಬೇರೆ. ಮಲಗುವ ಕೋಣೆ, ಗಂಡ ಹೆಂಡತಿ, ಒಂದು ‘ಬೇಡ’. ನಾಗವಲ್ಲಿಯನ್ನು ಕೂಡಿಹಾಕಿದ ತಂಬಿ, ಹೊರಗೆ ಹೋಗಬೇಡ ಎನ್ನುವ ನಕುಲನ್, ಇಬ್ಬರೂ ಗಂಗೆಯ ಒಡೆದ ಮನಸ್ಸಿಗೆ ಒಬ್ಬನೇ ಆಗುತ್ತಾರೆ. ಅವಳ ಕೊಲ್ಲುವ ಸಿಟ್ಟೆಲ್ಲ ಗಂಡನತ್ತ ತಿರುಗಿರುವುದು ಈ ಕಾರಣಕ್ಕೆ. ಕ್ಲೈಮ್ಯಾಕ್ಸಿನಲ್ಲಿ ತಂಬಿಯ ಜಾಗದಲ್ಲಿ ಅವಳ ಕತ್ತಿಯ ಎದುರು ಮಲಗುವವನೂ ನಕುಲನೇ. ಕೊನೆ ಗಳಿಗೆಯಲ್ಲಿ ಹಲಗೆ ಮಗುಚಿ ಅವನ ಬದಲು ಬೊಂಬೆ ಬರುತ್ತದೆ, ಅವಳು ಬೊಂಬೆಯನ್ನು ಕಡಿಯುತ್ತಾಳೆ, ಪ್ರತೀಕಾರ ತೀರುತ್ತದೆ, ನಾಗವಲ್ಲಿ ಹೋಗುತ್ತಾಳೆ.

ಒಬ್ಬ ಒಳ್ಳೆಯ ಗಂಡ ಹೆಂಡತಿ ಗುಣವಾಗಲೆಂದು ದಬ್ಬಾಳಿಕೆ ಮಾಡಿದವನ ಜಾಗದಲ್ಲಿ ಮಲಗಲು ಒಪ್ಪುತ್ತಾನೆ. ನನ್ನ ಮಟ್ಟಿಗೆ ಭಾರತೀಯ ಸಿನಿಮಾ ದಾಂಪತ್ಯದ ಬಗ್ಗೆ ಹೇಳಿದ ಅತ್ಯಂತ ಗಟ್ಟಿ ಮಾತುಗಳಲ್ಲಿ ಇದೊಂದು, ಮತ್ತು ಅದನ್ನು ಒಂದು ಸಂಭಾಷಣೆಯಲ್ಲೂ ಹೇಳದೆ ಬರೀ ಜಾಗ ಕೊಟ್ಟು ಹೇಳಿದ್ದಾರೆ.

ರಾಜನ ಜಾಗದಲ್ಲಿ ಯಾರು

ಪಿ. ವಾಸು ಇದನ್ನು ಕನ್ನಡಕ್ಕೆ ತಂದಾಗ ದ್ವಾರಕೀಶ್ ನಿರ್ಮಾಪಕರು, ವಿಷ್ಣುವರ್ಧನ್ ಮನೋವೈದ್ಯ ಡಾ. ವಿಜಯ್, ಸೌಂದರ್ಯ ಗಂಗೆ, ರಮೇಶ್ ಅರವಿಂದ್ ಗಂಡ. ಕೇರಳದ ಮನೆ ಅರಮನೆಯಾಯಿತು, ಮನೆಯ ಯಜಮಾನ ರಾಜನಾದ: ವಿಜಯ ರಾಜೇಂದ್ರ ಬಹದ್ದೂರ್. ಅಲ್ಲಿಂದಲೇ ಬದಲಾವಣೆಯ ಗಾತ್ರ ತಿಳಿಯುತ್ತದೆ. ಮೂಲದ ತಂಬಿ ಒಂದು ಕುಟುಂಬದ ಹಿರಿಯ. ಅಂಥವನ ದಬ್ಬಾಳಿಕೆ ಯಾವ ದೊಡ್ಡ ಮನೆಯಲ್ಲೂ ಇರಬಹುದಾದದ್ದು. ರಾಜನ ಕ್ರೌರ್ಯ ನೋಡುವವರಿಂದ ದೂರ, ಅದು ಚರಿತ್ರೆಯ ಕತೆ.

ಇದಕ್ಕಿಂತ ದೊಡ್ಡದು ಇನ್ನೊಂದು. ರಾಜನ ವೇಷವನ್ನು ನಾಯಕನಟನೇ ಹಾಕಿದರು. ವಿಷ್ಣುವರ್ಧನ್ ಆ ಪಾತ್ರದಲ್ಲಿ ಅಬ್ಬರಿಸಿದ ರೀತಿ ಜನರಿಗೆ ಹುಚ್ಚು ಹಿಡಿಸಿತು, ಮಕ್ಕಳು ಬೀದಿಯಲ್ಲಿ ಅದನ್ನು ಅಣಕಿಸಿ ಆಡಿದರು. ಮರುವರ್ಷ ವಾಸು ಅವರೇ ತಮಿಳಿನಲ್ಲಿ ಮಾಡಿದಾಗ ರಜನಿಕಾಂತ್ ವೇಟ್ಟೈಯನ್ ಎಂಬ ರಾಜನಾದರು, ಅದೂ ಹಾಗೇ. ‘ಚಂದ್ರಮುಖಿ’ ಚೆನ್ನೈನ ಶಾಂತಿ ಚಿತ್ರಮಂದಿರದಲ್ಲಿ 800 ದಿನಕ್ಕೂ ಹೆಚ್ಚು ಓಡಿತು. ಅಲ್ಲಿ ಗಂಗೆಯಾಗಿ ಜ್ಯೋತಿಕಾ ಪ್ರಾಣ ಹಾಕಿ ಅಭಿನಯಿಸಿದ್ದಾರೆ, ಆದರೂ ಜನ ಮನೆಗೆ ಒಯ್ದದ್ದು ವೇಟ್ಟೈಯನ್‌ನ ಕೂಗನ್ನು.

ಅಭಿನಯದ ದೃಷ್ಟಿಯಿಂದ ಇದು ಹಬ್ಬ, ನಾನೂ ಮೆಚ್ಚುತ್ತೇನೆ. ಅರ್ಥದ ದೃಷ್ಟಿಯಿಂದ ಏನಾಯಿತು ನೋಡಿ. ಈಗ ರೋಗಿಯ ಕತ್ತಿಯ ಎದುರು ನಿಲ್ಲುವವನು ಗಂಡ ಅಲ್ಲ, ರಾಜನ ವೇಷದ ವೈದ್ಯ. ಗಂಡ ಪಕ್ಕಕ್ಕೆ ಸರಿದು ನೋಡುವವನಾದ. ಹೆಂಡತಿಯ ಮನಸ್ಸಿನಲ್ಲಿ ತಾನು ಯಾರಾಗಿದ್ದೇನೆ ಎಂಬ ಪ್ರಶ್ನೆಯನ್ನು ಅವನು ಎದುರಿಸಬೇಕಾಗಿಲ್ಲ. ಮೂಲದಲ್ಲಿ ದಾಂಪತ್ಯದ ಒಳಗಿದ್ದ ಗಾಯ ಇಲ್ಲಿ ದಾಂಪತ್ಯದ ಹೊರಗೆ ಹೋಯಿತು. ಕಷ್ಟದಲ್ಲಿದ್ದ ಗೆಳೆಯನ ಸಂಸಾರವನ್ನು ಪ್ರಾಣ ಪಣಕ್ಕಿಟ್ಟು ಉಳಿಸುವ ಮಿತ್ರನ ಕತೆಯಾಯಿತು, ಶೀರ್ಷಿಕೆಯೂ ಅವನ ಮೇಲೆಯೇ ನಿಂತಿತು. ಗೆಳೆತನದ ಕತೆ ಕೀಳಲ್ಲ. ಕನ್ನಡದ ಪ್ರೇಕ್ಷಕ ವಿಷ್ಣುವರ್ಧನ್ ಅವರಲ್ಲಿ ಆ ಹೊತ್ತಿಗೆ ಕಾಣುತ್ತಿದ್ದ ಹಿರಿತನ, ಭರವಸೆಗೆ ಅದು ತಕ್ಕದ್ದೇ ಆಗಿತ್ತು. ಆದರೆ ಅದು ಬೇರೆ ಕತೆ.

ಗಂಗೆಯ ಬಾಲ್ಯಕ್ಕೂ ಇದರಿಂದಲೇ ಪೆಟ್ಟು ಬಿತ್ತು. ನಾಯಕನ ಪ್ರವೇಶ, ಹೊಡೆದಾಟ, ಹಾಡು, ಹಾಸ್ಯ, ಮೇಲೆ ರಾಜನ ಪಾತ್ರ, ಇಷ್ಟಕ್ಕೆಲ್ಲ ಹೊತ್ತು ಕೊಟ್ಟ ಮೇಲೆ ಅಜ್ಜಿಯ ಮನೆಯ ಆ ಮಗುವಿಗೆ ಜಾಗ ಎಲ್ಲಿ? ತಮಿಳಿನಲ್ಲಂತೂ ಕಾಯಿಲೆಯ ಮೂಲವೆಂದರೆ ವೈದ್ಯ ಹೇಳಿ ಮುಗಿಸುವ ವಿವರಣೆಯಷ್ಟೇ. ಕಾರಣ ಸಣ್ಣದಾದಷ್ಟೂ ಕಾಯಿಲೆ ನಿಗೂಢವಾಗುತ್ತದೆ, ನಿಗೂಢವಾದಷ್ಟೂ ದೆವ್ವಕ್ಕೆ ಹತ್ತಿರವಾಗುತ್ತದೆ. ‘ಚಂದ್ರಮುಖಿ’ಯಲ್ಲಿ ಆಗಾಗ ಸುಳಿಯುವ ದೊಡ್ಡ ಹಾವಿಗೆ ವೈದ್ಯಶಾಸ್ತ್ರದಲ್ಲಿ ಉತ್ತರವಿಲ್ಲ. ಅದು ಕಥೆಗೆ ಬೇಕಾಗಿ ಬಂದದ್ದಲ್ಲ, ಮೈ ಜುಮ್ಮೆನ್ನಿಸಲು ಬಂದದ್ದು. ಆದರೆ ಒಮ್ಮೆ ಬಂತೆಂದರೆ ಬಾಗಿಲು ತೆರೆದಂತೆ: ಹಾವು ನಿಜವಾದರೆ ಉಳಿದದ್ದೂ ನಿಜವಿರಬಹುದಲ್ಲ?

ನೆರೆಯವರ ನುಡಿ

ನರ್ತಕಿಯ ಭಾಷೆಯ ವಿಷಯದಲ್ಲಿ ಎಲ್ಲ ರೀಮೇಕುಗಳೂ ಜಾಣತನದಿಂದ ನಡೆದುಕೊಂಡಿವೆ. ಮಲಯಾಳಂನಲ್ಲಿ ನಾಗವಲ್ಲಿ ತಮಿಳಿನವಳು, ಕನ್ನಡದಲ್ಲಿ ತೆಲುಗಿನವಳು, ತಮಿಳಿನಲ್ಲೂ ಚಂದ್ರಮುಖಿ ತೆಲುಗಿನವಳು, ಹಿಂದಿಯಲ್ಲಿ ಮಂಜುಲಿಕಾ ಬಂಗಾಳಿ. ಪ್ರತಿ ಊರೂ ಕಾಯಿಲೆಯ ಬಾಯಲ್ಲಿ ಪಕ್ಕದ ಮನೆಯ ನುಡಿ ಇಟ್ಟಿತು. ಅರ್ಥ ಅರ್ಧ ಹತ್ತಬೇಕು, ಅರ್ಧ ಹತ್ತಬಾರದು, ಆಗ ಬೆದರಿಕೆ ಹುಟ್ಟುತ್ತದೆ.

ಕನ್ನಡದಲ್ಲಿ ಮಾತ್ರ ಇಲ್ಲೊಂದು ವಿಶೇಷ ಸಂಭವಿಸಿತು. ಸೌಂದರ್ಯ ಕನ್ನಡತಿ, ಆದರೆ ಅವರು ಬೆಳಗಿದ್ದು ತೆಲುಗು ತೆರೆಯಲ್ಲಿ. ಶೋಭನಾ ತಮಿಳು ನುಡಿದಾಗ ಗಂಗೆ ತನ್ನಿಂದ ದೂರ ಹೋದಂತೆ ಕಾಣುತ್ತದೆ. ಸೌಂದರ್ಯ ತೆಲುಗು ನುಡಿದಾಗ ಅವರು ತಮ್ಮ ಇನ್ನೊಂದು ಮನೆಗೆ ಹೋದಂತೆ ಕಾಣುತ್ತದೆ. ಅವರ ನಾಗವಲ್ಲಿಯಲ್ಲಿ ಬೆದರಿಕೆಗಿಂತ ಹಂಬಲ ಹೆಚ್ಚಾಗಿ ಕೇಳಿಸುವುದಕ್ಕೆ ಇದೂ ಕಾರಣ ಇರಬೇಕು. ರೀಮೇಕ್ ಮೂಲದಿಂದ ಕಳೆದುಕೊಂಡದ್ದನ್ನಷ್ಟೇ ಎಣಿಸುವವರು ಇಂಥದ್ದನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಹಿಡಿಯಬೇಕು. ಇದು ಯಾರೂ ಬರೆದು ತಂದ ಅರ್ಥವಲ್ಲ, ಒಬ್ಬ ನಟಿ ತನ್ನ ಬದುಕಿನಿಂದ ಪಾತ್ರಕ್ಕೆ ತಂದ ಅರ್ಥ.

ಅನುಮಾನಕ್ಕೆ ಗುರಿಯಾದ ಹೆಣ್ಣು

ಮೂಲದ ಶ್ರೀದೇವಿಯನ್ನು ಮಾಡಿದ್ದು ನಮ್ಮ ವಿನಯಾ ಪ್ರಸಾದ್. ಕುಜದೋಷದ ನೆಪದಲ್ಲಿ ಮದುವೆ ಮುರಿದು ತವರಿಗೆ ಮರಳಿದ ಹೆಣ್ಣು ಅವಳು. ಮನೆಯಲ್ಲಿ ಏನು ಕೆಟ್ಟದ್ದಾದರೂ ಎಲ್ಲರ ಕಣ್ಣು ಮೊದಲು ಹೋಗುವುದು ಅವಳತ್ತ, ಅವಳನ್ನು ಕೋಣೆಯಲ್ಲಿ ಕೂಡಿಯೂ ಹಾಕುತ್ತಾರೆ. ಹಾಗಾಗಿ ಮಾಡಂಪಳ್ಳಿಯಲ್ಲಿ ಬಂಧಿಯಾದ ಹೆಂಗಸರು ಮೂವರು: ಒಬ್ಬಳು ಕತೆಯಲ್ಲಿ, ಒಬ್ಬಳು ತನ್ನ ಮನಸ್ಸಿನಲ್ಲಿ, ಒಬ್ಬಳು ಮನೆಯವರ ಮಾತಿನಲ್ಲಿ. ಕೊನೆಗೆ ಸನ್ನಿ ಶ್ರೀದೇವಿಯನ್ನು ಮದುವೆಯಾಗುವ ಇಂಗಿತ ತಿಳಿಸಿ ಹೊರಡುತ್ತಾನೆ.

‘ಚಂದ್ರಮುಖಿ’ಯಲ್ಲಿ ಈ ಜಾಗಕ್ಕೆ ಬಂದವಳು ನಯನತಾರಾ ಮಾಡಿದ ದುರ್ಗಾ. ನಾಯಕನಿಗೊಬ್ಬಳು ಜೋಡಿ ಬೇಕಾಗಿತ್ತು, ಜೋಡಿಗೆ ಮುರಿದ ಮದುವೆಯ ಹಿನ್ನೆಲೆ ಒಗ್ಗುವುದಿಲ್ಲ ಎಂದು ಕಂಡಿರಬೇಕು. ದುರ್ಗಾ ಮದುವೆಯಾಗದ ಹುಡುಗಿ. ಸಣ್ಣ ಬದಲಾವಣೆ ಅನ್ನಿಸುತ್ತದೆ. ಆದರೆ ಜಾತಕದ ಹೆಸರಿನಲ್ಲಿ ತಳ್ಳಲ್ಪಟ್ಟವಳ ಮೇಲೆಯೇ ಊರಿನ ಭೂತವನ್ನೂ ಹೊರಿಸುತ್ತಾರೆ ಎಂಬ ಇಡೀ ಟೀಕೆ ಅಲ್ಲಿಗೆ ಮಾಯವಾಯಿತು. ಉಳಿದದ್ದು ಪ್ರೇಕ್ಷಕರ ಗಮನ ಬೇರೆಡೆ ಸೆಳೆಯುವ ಪತ್ತೇದಾರಿ ತಂತ್ರ.

ಹಿಂದಿಯ ಮೊದಲ ಚಿತ್ರದ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಅದನ್ನು ಮಾಡಿದ ಪ್ರಿಯದರ್ಶನ್ ಮೂಲ ಚಿತ್ರದ ಎರಡನೇ ಘಟಕದ ನಿರ್ದೇಶಕರಲ್ಲಿ ಒಬ್ಬರಾಗಿದ್ದವರು. ಹಾಸ್ಯ ಹಿಗ್ಗಿದೆ, ಆದರೆ ಗಂಡ, ಹೆಂಡತಿ, ವೈದ್ಯ ತಂತಮ್ಮ ಜಾಗದಲ್ಲಿ ಬಹುಮಟ್ಟಿಗೆ ಉಳಿದಿದ್ದಾರೆ. ಹಾಗಾಗಿ ವಿದ್ಯಾ ಬಾಲನ್ ಮಂಚ ಎತ್ತಿದಾಗ ಅದು ಇನ್ನೂ ಒಬ್ಬ ಹೆಂಡತಿಯ ಸಿಟ್ಟು.

ಚಿತ್ರದ ಹೊರಗೆ ನಡೆದದ್ದು

‘ಆಪ್ತಮಿತ್ರ’ದ ಅರ್ಥವನ್ನು ಬದಲಿಸಿದ ಅತಿ ದೊಡ್ಡ ಸಂಗತಿ ಚಿತ್ರಕಥೆಯಲ್ಲಿ ಇಲ್ಲ. 2004ರ ಏಪ್ರಿಲ್ 17ರಂದು, ಚುನಾವಣಾ ಪ್ರಚಾರಕ್ಕೆಂದು ಬೆಂಗಳೂರಿನಿಂದ ಹೊರಟ ಸಣ್ಣ ವಿಮಾನ ಬಿದ್ದು ಸೌಂದರ್ಯ ತೀರಿಹೋದರು. ಚಿತ್ರ ತೆರೆಕಂಡಿದ್ದು ಆಗಸ್ಟ್ ಕೊನೆಯಲ್ಲಿ. ಕನ್ನಡಿಗರು ಚಿತ್ರಮಂದಿರದಲ್ಲಿ ಕೂತು ನೋಡಿದ್ದು, ಕೆಲವೇ ತಿಂಗಳ ಹಿಂದೆ ಸತ್ತ ಹೆಣ್ಣುಮಗಳು ಸತ್ತ ನರ್ತಕಿಯೊಬ್ಬಳು ಮೈಮೇಲೆ ಬಂದಂತೆ ಕುಣಿಯುವುದನ್ನು. ‘ಇದು ಕಾಯಿಲೆ, ದೆವ್ವ ಅಲ್ಲ’ ಎಂದು ತೆರೆಯ ಮೇಲೆ ವೈದ್ಯ ಎಷ್ಟು ಹೇಳಿದರೂ ಆ ಗಳಿಗೆಯಲ್ಲಿ ಅದನ್ನು ಕೇಳುವ ಕಿವಿ ಬೇರೆಯಾಗಿತ್ತು. ಆ ಅಭಿನಯಕ್ಕೆ ಮರಣೋತ್ತರವಾಗಿ ಪ್ರಶಸ್ತಿ ಬಂತು. ಜೊತೆಗೆ ಗುಸುಗುಸುವೂ ಹಬ್ಬಿತು, ನಾಗವಲ್ಲಿಯ ಪಾತ್ರಕ್ಕೇ ಏನೋ ಕಾಟ ಇದೆ ಎಂದು.

2009ರ ಡಿಸೆಂಬರ್ 30ರಂದು ವಿಷ್ಣುವರ್ಧನ್ ಮೈಸೂರಿನಲ್ಲಿ ತೀರಿಕೊಂಡಾಗ ಅವರ 200ನೇ ಚಿತ್ರ, ಇದೇ ಕತೆಯ ಮುಂದುವರಿಕೆ ‘ಆಪ್ತರಕ್ಷಕ’, ಇನ್ನೂ ತೆರೆಕಂಡಿರಲಿಲ್ಲ. ಗುಸುಗುಸು ಗಟ್ಟಿ ಮಾತಾಯಿತು. ಒಬ್ಬರು ಅಪಘಾತದಲ್ಲಿ, ಒಬ್ಬರು ಹೃದಯಾಘಾತದಲ್ಲಿ ಹೋದರು, ನಡುವೆ ಐದು ವರ್ಷಕ್ಕೂ ಹೆಚ್ಚಿನ ಅಂತರ. ಎರಡನ್ನೂ ಒಂದು ದಾರಕ್ಕೆ ಪೋಣಿಸಿದ್ದು ಕಾರಣವಲ್ಲ, ದುಃಖ. ಪ್ರೀತಿಸಿದವರನ್ನು ಕಳೆದುಕೊಂಡ ಜನ ಕಾರಣ ಹುಡುಕಿದರು, ಚಿತ್ರವೇ ಒಂದು ಸಿದ್ಧ ಕಾರಣವನ್ನು ಕೈಗೆ ಕೊಟ್ಟಿತ್ತು. ಆ ಜನರನ್ನು ನಾನು ಹೀಗಳೆಯಲಾರೆ. ಆದರೆ ಮೂಢನಂಬಿಕೆಯನ್ನು ಬಿಡಿಸಲು ಹುಟ್ಟಿದ ಕತೆ ಹೊಸದೊಂದು ಮೂಢನಂಬಿಕೆಗೆ ತಾಯಿಯಾಯಿತು ಎಂಬುದು ನೋವಿನ ಸಂಗತಿ, ಮತ್ತು ಎರಡು ಸಾವುಗಳ ಗೌರವಕ್ಕೂ ಅದು ತಕ್ಕದ್ದಲ್ಲ.

ಇಲ್ಲಿ ಡಬ್ಬಿಂಗ್ ಮಾತೂ ಬರುತ್ತದೆ. ಆಗ ಕನ್ನಡದಲ್ಲಿ ಡಬ್ಬಿಂಗ್ ಚಿತ್ರಗಳು ಚಿತ್ರಮಂದಿರಕ್ಕೆ ಬರುತ್ತಿರಲಿಲ್ಲ. ಹಾಗಾಗಿ ಬಹುಪಾಲು ಕನ್ನಡಿಗರಿಗೆ ‘ಆಪ್ತಮಿತ್ರ’ ರೀಮೇಕ್ ಅಲ್ಲ, ಅದೇ ಮೂಲ. ಹೋಲಿಸಿ ನೋಡಲು ಇನ್ನೊಂದು ಗಂಗೆ ಅವರ ಮುಂದೆ ಇರಲೇ ಇಲ್ಲ. ತಮಿಳು ಚಿತ್ರವೂ ಈ ರೂಪವನ್ನೇ ಹಿಡಿದು ನಡೆಯಿತು, ದಕ್ಷಿಣದ ಬಹುದೊಡ್ಡ ಪ್ರೇಕ್ಷಕವರ್ಗಕ್ಕೆ ನಾಗವಲ್ಲಿಯ ಕತೆಯೆಂದರೆ ಇದೇ ಎಂದಾಯಿತು.

ಮುಂದುವರಿದ ಭಾಗಗಳು

‘ಆಪ್ತರಕ್ಷಕ’ದಲ್ಲಿ ಮನೋವೈದ್ಯ ಮತ್ತೆ ಬರುತ್ತಾನೆ, ಕಾಯಿಲೆಯೂ ಇದೆ. ಆದರೆ ರಾಜ ವಿಜಯ ರಾಜೇಂದ್ರ ಬಹದ್ದೂರ್ ನೂರು ದಾಟಿದ ವಯಸ್ಸಿನಲ್ಲೂ ಬದುಕಿದ್ದಾನೆ! ಮೂಲದಲ್ಲಿ ಒಬ್ಬ ರೋಗಿಯ ಭ್ರಮೆಯಲ್ಲಷ್ಟೇ ಕಾಣಿಸಿದ್ದವನು ಈಗ ರಕ್ತಮಾಂಸದವನು. ರಾಜನೇ ಎದುರಿಗಿದ್ದರೆ ನಾಗವಲ್ಲಿಯ ಸೇಡಿಗೆ ಕಾಯಿಲೆಯ ಹೆಸರು ಏಕೆ ಬೇಕು? ವೈದ್ಯಕೀಯ ಮಾತು ಚಿತ್ರದಲ್ಲಿ ಬಾಯಿಮಾತಾಗಿ ಉಳಿಯುತ್ತದೆ. ಇದು ಒಬ್ಬ ನಿರ್ದೇಶಕರ ಲಹರಿಯಿಂದ ಆದದ್ದಲ್ಲ. 2004ರಲ್ಲಿ ರಾಜನಿಗೆ ನಾಯಕನ ಮುಖ ಕೊಟ್ಟಾಗಲೇ ಈ ದಾರಿ ತೆರೆದಿತ್ತು. ಜನ ಮತ್ತೆ ನೋಡಲು ಬಯಸಿದ್ದು ಆ ಮುಖವನ್ನು, ಗಂಗೆಯನ್ನಲ್ಲ. ಗುಣವಾದ ರೋಗಿಗೆ ಎರಡನೇ ಭಾಗ ಇಲ್ಲ. ರಾಜನಿಗೆ ಇದೆ, ಪ್ರೇತಕ್ಕೆ ಇದೆ.

ಹಿಂದಿಯಲ್ಲಿ ಅದು ಪೂರ್ತಿಯಾಯಿತು. ‘ಭೂಲ್ ಭುಲಯ್ಯಾ 2’ರಲ್ಲಿ ನಿರ್ದೇಶಕರು ಬೇರೆ, ಪಾತ್ರಗಳೂ ಬಹುಮಟ್ಟಿಗೆ ಬೇರೆ. ಮೊದಲ ಚಿತ್ರದಿಂದ ಮುಖ್ಯವಾಗಿ ಬಂದದ್ದು ಮಂಜುಲಿಕಾ ಎಂಬ ಹೆಸರು, ಹಾಡು, ಬಾಗಿಲು ಹಾಕಿದ ಕೋಣೆ. ವಿದ್ಯಾ ಬಾಲನ್ ಮಾಡಿದ್ದ ಹೆಂಡತಿ ಅವ್ನಿ ಇಲ್ಲ. ಅವಳಿಗೆ ಆಗಿದ್ದ ಕಾಯಿಲೆಯೂ ಇಲ್ಲ. ಚಿತ್ರ ಚೆನ್ನಾಗಿ ಓಡಿತು, 2024ರಲ್ಲಿ ಮೂರನೆಯದೂ ಬಂತು.

ಅದೇ 2024ರ ಆಗಸ್ಟಿನಲ್ಲಿ ‘ಮಣಿಚಿತ್ರತಾಳ್’ 4ಕೆ ರೂಪದಲ್ಲಿ ಮತ್ತೆ ಚಿತ್ರಮಂದಿರಕ್ಕೆ ಬಂತು, ಜನ ಮುಗಿಬಿದ್ದು ನೋಡಿದರು. ರೀಮೇಕುಗಳನ್ನು ನೋಡಿ ಬೆಳೆದವರು ಮೂಲಕ್ಕೆ ಹೋದಾಗ ಮೊದಲು ಗಮನಿಸಬೇಕಾದದ್ದು ನಾಗವಲ್ಲಿಯ ಕುಣಿತವನ್ನಲ್ಲ, ನಕುಲನ್‌ನ ಮುಖವನ್ನು. ಕಾಯಿಲೆಯ ವಿಷಯ ಗೆಳೆಯನ ಬಾಯಿಂದ ಕೇಳಿದಾಗ ಸುರೇಶ್ ಗೋಪಿ ಆ ಪಾತ್ರದಲ್ಲಿ ತೋರುವ ಕುಸಿತ, ಹೆಂಡತಿಯನ್ನು ಉಳಿಸಿಕೊಡು ಎಂಬ ಹಂಬಲ, ಮಂಚದ ಪಕ್ಕ ನಿಂತು ‘ಬೇಡ’ ಎನ್ನಬೇಕಾಗಿ ಬಂದಾಗಿನ ಹಿಂಜರಿಕೆ, ಇವು ಮುಂದಿನ ರೂಪಗಳಲ್ಲಿ ತೆಳ್ಳಗಾಗುತ್ತ ಹೋದವು. ಈ ಕತೆಯನ್ನು ಇನ್ನೊಮ್ಮೆ ಕನ್ನಡದಲ್ಲಿ ಮಾಡುವ ಧೈರ್ಯ ಯಾರಿಗಾದರೂ ಬಂದರೆ, ಅರಮನೆ ಬೇಕಿಲ್ಲ, ರಾಜನೂ ಬೇಕಿಲ್ಲ. ಗಂಡನ ಪಾತ್ರಕ್ಕೆ ಒಬ್ಬ ಒಳ್ಳೆಯ ನಟ ಬೇಕು, ಅಜ್ಜಿಮನೆಯ ಮಗುವಿಗೆ ಇಪ್ಪತ್ತು ನಿಮಿಷ ಬೇಕು.